ಏಳನೇ ಕಾಲಂ

ಪಟ್ಟಿಯಲ್ಲಿ ನಲವತ್ತೊಂದು ಹೆಸರುಗಳಿದ್ದವು. ಕೆಳಗೆ ಒಂದು ಸಹಿಗೆ ಜಾಗ ಬಿಟ್ಟಿದ್ದರು. ಆ ಸಹಿ ದಾರಿ ಮೇಡಂ ಹಾಕಬೇಕು.

ಅವಳ ಹುದ್ದೆಯ ಹೆಸರು ಉದ್ದ. ಬಾಗಿಲ ಮೇಲಿನ ಫಲಕದಲ್ಲಿ ಎರಡು ಸಾಲು ಹಿಡಿಯುತ್ತಿತ್ತು. ಹತ್ತನೇ ತರಗತಿ ಮುಗಿಸಿದ ಮಕ್ಕಳು ಮುಂದೆ ಕಾಲೇಜಿಗೆ ಹೋಗಬೇಕೋ, ಕೆಲಸದ ತರಬೇತಿಗೆ ಹೋಗಬೇಕೋ, ಅದರಲ್ಲಿ ಬಡವರ ಮಕ್ಕಳಿಗೆ ಮೋಸ ಆಗದ ಹಾಗೆ ನೋಡಿಕೊಳ್ಳುವುದು ಅವಳ ವಿಭಾಗದ ಕೆಲಸ. ವಿಭಾಗಕ್ಕೆ ‘ಮುಂದಿನ ದಾರಿ’ ಎಂದು ಹೆಸರಿಟ್ಟಿದ್ದರು. ಲಾಂಡ್ರಿ ಕೇರಿಯ ಜನಕ್ಕೆ ಅಷ್ಟೆಲ್ಲ ಹೇಳುವುದಕ್ಕೆ ಪುರುಸೊತ್ತಿಲ್ಲ. ದಾರಿ ಮೇಡಂ ಎಂದರು, ಅದೇ ಉಳಿಯಿತು. ಆ ಕೇರಿಯಲ್ಲೇ ಹುಟ್ಟಿ ಆ ಕುರ್ಚಿಯವರೆಗೆ ಬಂದವಳು ಅವಳೊಬ್ಬಳೇ.

ಆಸ್ಪತ್ರೆಗಳ ಕೊಳೆ ಬಟ್ಟೆಯೆಲ್ಲ ಬಂದು ಬೀಳುವ ದೊಡ್ಡ ಲಾಂಡ್ರಿ ಅದು. ರಕ್ತದ ಹಾಸುಬಟ್ಟೆ, ಕೀವಿನ ಪಟ್ಟಿ, ಸತ್ತವರ ಮೇಲಿಂದ ತೆಗೆದ ಹೊದಿಕೆ, ಎಲ್ಲ. ಲಾಂಡ್ರಿಯ ಹಿಂದಿನ ಗೋಡೆಗೆ ಅಂಟಿಕೊಂಡು ನಾಲ್ಕು ಸಾಲು ಮನೆ. ದಾರಿ ಮೇಡಂನ ಅಮ್ಮ ಅಲ್ಲಿ ಇಪ್ಪತ್ತಾರು ವರ್ಷ ಒಗೆದಳು. ಮಗಳು ಓದಿದಳು, ಪಾಠ ಮಾಡಿದಳು, ಮೇಲೆ ಬಂದಳು, ವಿಭಾಗ ಕಟ್ಟಿದಳು. ಹೇಳುವುದಕ್ಕೆ ಒಂದು ಉಸಿರು ಸಾಕು. ಮಾಡುವುದಕ್ಕೆ ಹತ್ತೊಂಬತ್ತು ವರ್ಷ ಹಿಡಿಯಿತು.

ಬುಧವಾರ ಬೆಳಗ್ಗೆ ಗುಮಾಸ್ತ ಪಟ್ಟಿ ತಂದಿಟ್ಟ. ಸಿಕ್ಕ ಕಾಗದಕ್ಕೆಲ್ಲ ಮುದ್ರೆ ಒತ್ತುವ ಚಪಲ ಅವನಿಗೆ. ಆಫೀಸಿನಲ್ಲಿ ಅವನನ್ನು ಎಲ್ಲರೂ ಸೀಲು ಎನ್ನುತ್ತಿದ್ದರು.

“ಶುಕ್ರವಾರ ಐದು ಗಂಟೆ ಒಳಗೆ ಹೋಗ್ಬೇಕು ಮೇಡಂ. ಈ ಸಲ ನೂರಕ್ಕೆ ನೂರು. ಒಂದು ಮಗೂನೂ ಬೀದಿಲಿ ಉಳಿದಿಲ್ಲ,” ಎಂದ.

ಐದು ಗಂಟೆಯ ನಿಯಮ ಅವಳೇ ಮಾಡಿದ್ದು. ಅಧಿಕಾರಿಗಳ ಸೋಮಾರಿತನಕ್ಕೆ ಮಕ್ಕಳ ವರ್ಷ ಹಾಳಾಗಬಾರದು ಎಂದು. ಅಷ್ಟರೊಳಗೆ ತರಬೇತಿಯ ಪಟ್ಟಿಗೆ ಅವಳ ಸಹಿ ಬೀಳದಿದ್ದರೆ ಪಾಸಾದವರೆಲ್ಲ ತಾನಾಗಿ ಕಾಲೇಜು ತರಗತಿಗೆ ದಾಖಲಾಗುತ್ತಾರೆ. ಸಹಿ ಬಿದ್ದರೆ ಪಟ್ಟಿಯಲ್ಲಿದ್ದವರು ಎರಡು ವರ್ಷ ತರಬೇತಿ ಮಾಡಬೇಕು. ಆಮೇಲೆ ವಯಸ್ಸು ಮೀರಿರುತ್ತದೆ, ಕಾಲೇಜಿನ ಬಾಗಿಲು ಮುಚ್ಚಿದಂತೆಯೇ.

ಅವಳು ಪೆನ್ನು ತೆಗೆದಳು. ಸಹಿ ಮಾಡಿಬಿಡುತ್ತಿದ್ದಳು ಕೂಡ, ಸುಳ್ಳು ಯಾಕೆ ಹೇಳಬೇಕು. ಹಿಂದಿನ ವರ್ಷ ಹಾಗೆಯೇ ಮಾಡಿದ್ದಳು. ಮೂವತ್ತೆಂಟು ಹೆಸರಿಗೆ ಒಂದೇ ಗೀಟಿನಲ್ಲಿ ಸಹಿ ಎಳೆದು ಊಟಕ್ಕೆ ಹೋಗಿದ್ದಳು. ಈ ಸಲ ಒಂದು ಹೆಸರು ಕಣ್ಣಿಗೆ ಬಿತ್ತು. ಗಣಿತದಲ್ಲಿ ತೊಂಬತ್ತಾರು. ಇಡೀ ಊರಿನಲ್ಲಿ ಅದಕ್ಕಿಂತ ಹೆಚ್ಚು ಯಾರಿಗೂ ಬಂದಿರಲಿಲ್ಲ. ಕೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಹುಡುಗಿ. ಲೆಕ್ಕದವಳು ಎಂದೇ ಕರೆಯುತ್ತಿದ್ದರು. ತೊಂಬತ್ತಾರು ತೆಗೆದವಳಿಗೆ ಲಾಂಡ್ರಿ ತರಬೇತಿ ಎಂದು ಬರೆದಿತ್ತು.

ದಾರಿ ಮೇಡಂ ಬೆರಳಿಟ್ಟು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದಳು. ಅಂಕಗಳು ಬೇರೆ ಬೇರೆ. ಶಾಲೆಗಳು ಮೂರು. ಏಳನೇ ಕಾಲಂನಲ್ಲಿ ಮಾತ್ರ ನಲವತ್ತೊಂದು ಸಲವೂ ಒಂದೇ ಮಾತು. ತಂದೆ ತಾಯಿಯ ಕೆಲಸ: ಲಾಂಡ್ರಿ. ಲಾಂಡ್ರಿ. ಲಾಂಡ್ರಿ.

ಆ ಕಾಲಂ ಕೂಡ ಅವಳದೇ.

ಎರಡು ವರ್ಷ ಜಗಳವಾಡಿ ಆ ಕಾಲಂ ಹಾಕಿಸಿದ್ದಳು. ಮೈಮುರಿದು ದುಡಿಯುವವರ ಮಕ್ಕಳು ಯಾರು ಎಂದು ಕಾಗದದ ಮೇಲೆ ಕಾಣಬೇಕು. ಕಂಡರೆ ಅವರಿಗೆ ಸಂಜೆ ಪಾಠ ಕೊಡಬಹುದು, ಪುಸ್ತಕ ಕೊಡಬಹುದು, ಬಸ್ಸು ಕೊಡಬಹುದು. ಉಳ್ಳವರು ಬಡವರ ವೇಷ ಹಾಕಿ ಅದನ್ನೂ ನುಂಗಬಾರದು ಎಂದು, ಕೆಲಸ ಕೊಟ್ಟವರ ಸೀಲು ಇರುವ ಪತ್ರ ಕಡ್ಡಾಯ ಮಾಡಿದ್ದಳು. ಎಷ್ಟು ಚೆನ್ನಾಗಿ ಯೋಚನೆ ಮಾಡಿದ್ದಳು ನೋಡಿ. ಎಲ್ಲಾ ಕಡೆಯಿಂದ ಬೇಲಿ ಹಾಕಿ, ಯಾರೂ ತಪ್ಪಿಸಿಕೊಳ್ಳದ ಹಾಗೆ.

ಮಧ್ಯಾಹ್ನವೇ ಲೆಕ್ಕದವಳ ಶಾಲೆಗೆ ಹೋದಳು. ಹೆಡ್ಮಾಸ್ತರು ಎದ್ದು ನಿಂತು ಕುರ್ಚಿ ಒರೆಸಿದರು. ಒಳ್ಳೆಯ ಮನುಷ್ಯ ಎಂದು ಊರೆಲ್ಲ ಹೇಳುತ್ತಿತ್ತು. ಯಾರ ಮೇಲೂ ದನಿ ಏರಿಸಿದವರಲ್ಲ.

“ಇವಳಿಗೆ ತೊಂಬತ್ತಾರು ಬಂದಿದೆ ಸಾರ್,” ಎಂದಳು.

“ಹೌದು ಮೇಡಂ. ಚೂಟಿ ಹುಡುಗಿ.”

“ಮತ್ತೆ ಲಾಂಡ್ರಿಗೆ ಯಾಕೆ ಬರೆದ್ರಿ?”

ಹೆಡ್ಮಾಸ್ತರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕನ್ನಡಕ ಏರಿಸಿ ಪಟ್ಟಿ ನೋಡಿದರು. “ಏಳನೇ ಕಾಲಂ ಇದೆಯಲ್ಲ ಮೇಡಂ. ನೀವೇ ಹಾಕಿಸಿದ್ದು. ಮೊದಲು ನಮಗೆ ತುಂಬಾ ಕಷ್ಟ ಆಗ್ತಿತ್ತು, ಯಾರನ್ನ ಎಲ್ಲಿಗೆ ಕಳಿಸ್ಬೇಕು ಅಂತ ತಲೆ ಕೆಡಿಸ್ಕೋಬೇಕಿತ್ತು. ಈಗ ಹತ್ತು ನಿಮಿಷದ ಕೆಲಸ. ನಿರ್ದೇಶಕರ ಸುತ್ತೋಲೆನೂ ಬಂದಿದೆ, ಮನೆಯ ಹಿನ್ನೆಲೆಗೆ ಹೊಂದೋ ದಾರಿ ತೋರಿಸಿ ಅಂತ.”

“ಹೊಂದೋ ದಾರಿ ಅಂದ್ರೆ?”

“ಈ ಮಕ್ಕಳಿಗೆ ನೀರು, ಸೋಪು, ಬಿಸಿ ಎಲ್ಲ ಅಭ್ಯಾಸ ಇರುತ್ತೆ. ಕಾಲೇಜಿಗೆ ಹೋಗಿ ಅರ್ಧಕ್ಕೆ ಬಿಟ್ರೆ ಅವರಿಗೇ ಅವಮಾನ. ನಾವು ಅವರ ಒಳ್ಳೇದಕ್ಕೇ ಮಾಡ್ತಿರೋದು.” ಸ್ವಲ್ಪ ತಡೆದು, ನಕ್ಕು, “ನೀವು ಬಿಡಿ ಮೇಡಂ, ನಿಮ್ಮ ಮಾತೇ ಬೇರೆ,” ಎಂದರು.

ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ಅವಳಿಗೆ ಭಯ ಹುಟ್ಟಿಸಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈತ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತನ್ನ ಶಾಲೆಯ ಮಕ್ಕಳನ್ನು ತೆಗೆದು ಬದಿಗಿಟ್ಟಿದ್ದ. ಅವನ ಕೈಗೆ ಆ ನಯ ಕೊಟ್ಟವಳು ತಾನು.

ಗುರುವಾರ ಬೆಳಗ್ಗೆ ಲಾಂಡ್ರಿಗೆ ಹೋದಳು. ಮೂವತ್ತೆಂಟು ಮಕ್ಕಳನ್ನು ಕಳಿಸಿ ಒಂದು ವರ್ಷವಾಗಿತ್ತು. ಅವರನ್ನು ಒಮ್ಮೆಯೂ ಹೋಗಿ ನೋಡಿರಲಿಲ್ಲ. ವರದಿಯಲ್ಲಿ ‘ಉದ್ಯೋಗದ ದಾರಿ ಹಿಡಿದವರು’ ಎಂದು ಬರೆದಿದ್ದಳು, ಚಪ್ಪಾಳೆ ಬಿದ್ದಿತ್ತು.

ಗೇಟಿನ ಒಳಗೆ ಕಾಲಿಟ್ಟ ಕೂಡಲೇ ಆ ವಾಸನೆ ಮೂಗಿಗೆ ಹೊಡೆಯಿತು. ಬ್ಲೀಚಿಂಗ್ ಪುಡಿ, ಹಸಿ ಹತ್ತಿ, ಅದರ ಅಡಿಯಲ್ಲಿ ಇನ್ನೊಂದು ವಾಸನೆ. ಅವಳ ಬಾಲ್ಯದಲ್ಲಿ ಅಮ್ಮನ ಮೈಯಿಂದ ಬರುತ್ತಿದ್ದದ್ದು. ನೆಲ ಒದ್ದೆ. ಮಾತು ಕೇಳದಷ್ಟು ಸದ್ದು. ಮೇಲ್ವಿಚಾರಕ ಓಡಿಬಂದ.

“ನಿಮ್ಮಮ್ಮ ಒಗೆಯೋ ಮೂರನೇ ತೊಟ್ಟಿ ಹತ್ತಿರ ಇದ್ರಲ್ವಾ ಮೇಡಂ? ನಾನು ಆಗ ಹೊಸಬ. ಎಂಥಾ ಕೈ ಅವರದ್ದು. ಒಂದು ದಿನ ರಜ ಹಾಕಿದವರಲ್ಲ.”

ಅವನು ಹೊಗಳಿದ್ದು. ಅವಳು ಮುಂದೆ ನಡೆದಳು.

ತರಬೇತಿ ಎಂದರೆ ಏನು ಎಂದು ಕಾಗದದಲ್ಲಿ ಓದಿದ್ದಳು. ವಾರಕ್ಕೆ ಮೂರು ದಿನ ಪಾಠ, ಮೂರು ದಿನ ಕೆಲಸ. ಪಾಠದ ಕೋಣೆಗೆ ಬೀಗ ಹಾಕಿತ್ತು. ಕಿಟಕಿಯಿಂದ ನೋಡಿದರೆ ಒಳಗೆ ಗಂಟು ಬಟ್ಟೆ ತುಂಬಿತ್ತು. ಮಕ್ಕಳು ಆರು ದಿನವೂ ತೊಟ್ಟಿಯ ಹತ್ತಿರ ಇದ್ದರು. ಹದಿನಾರು ಹದಿನೇಳರ ಮಕ್ಕಳು. ಇಬ್ಬಿಬ್ಬರು ಸೇರಿ ಒದ್ದೆ ಹಾಸಿಗೆ ಬಟ್ಟೆಯನ್ನು ಎತ್ತುತ್ತಿದ್ದರು. ಹಿಂಡುತ್ತಿದ್ದರು. ತಳ್ಳುತ್ತಿದ್ದರು. ಆ ಕಡೆ ಒದ್ದೆ ಬಟ್ಟೆಯನ್ನು ಒಣಗಿಸಿ ಇಸ್ತ್ರಿ ಮಾಡುವ ಬಿಸಿ ರೋಲರು. ಬಟ್ಟೆಯ ಅಂಚು ಹಿಡಿದು ಒಳಗೆ ಕೊಡಬೇಕು, ಕೈ ಹಿಂದಕ್ಕೆ ತೆಗೆಯಬೇಕು. ಕೊಡಬೇಕು, ತೆಗೆಯಬೇಕು. ತೆಗೆಯುವುದು ಅರೆಗಳಿಗೆ ತಡವಾದರೆ ರೋಲರು ಕಾಯುವುದಿಲ್ಲ.

ರೋಲರಿನ ಮುಂದಿದ್ದ ಹುಡುಗಿಯ ಮುಂಗೈಗೆ ಬಟ್ಟೆ ಸುತ್ತಿತ್ತು. ಲೆಕ್ಕದವಳ ಅಕ್ಕ. ಮುಖ ಹಾಗೇ ಇತ್ತು, ಅದೇ ಗಲ್ಲ, ಅದೇ ಹುಬ್ಬು.

“ಕೈಗೇನಾಯ್ತು?”

“ಏನಿಲ್ಲ ಮೇಡಂ. ಸಣ್ಣ ಗಾಯ.” ಮೇಲ್ವಿಚಾರಕನ ಕಡೆ ನೋಡಿ ಹೇಳಿದಳು. ಅವನು ಬೇರೆ ಕಡೆ ತಿರುಗಿದ ಮೇಲೆ ಬಟ್ಟೆ ಸರಿಸಿದಳು. ಮೊಣಕೈವರೆಗೆ ಚರ್ಮ ಕಪ್ಪಾಗಿ ಸುರುಟಿತ್ತು. ಅಲ್ಲಲ್ಲಿ ಹಸಿ.

“ಡಾಕ್ಟರ ಹತ್ತಿರ ಹೋಗ್ಲಿಲ್ವಾ?”

“ಆಸ್ಪತ್ರೆ ಬಟ್ಟೆ ಒಗೀತೀವಲ್ಲ ಮೇಡಂ, ದಿನಾ ಆಸ್ಪತ್ರೆ ನಮ್ಮ ಹತ್ತಿರಾನೇ ಬರುತ್ತೆ.” ನಗುವುದಕ್ಕೆ ಹೇಳಿದ್ದು. ಇಬ್ಬರೂ ನಗಲಿಲ್ಲ. ಹುಡುಗಿ ಇನ್ನೊಂದು ಅಂಚು ಎತ್ತಿಕೊಂಡಳು. ರೋಲರಿನ ಮೇಲೆ ಕಣ್ಣಿಟ್ಟೇ ಕೇಳಿದಳು.

“ನನ್ನ ತಂಗಿ ಹೆಸರು ಪಟ್ಟಿಲಿ ಇದ್ಯಾ ಮೇಡಂ?”

ದಾರಿ ಮೇಡಂ ರೋಲರಿನ ಕಡೆ ನೋಡಿದಳು.

“ಹೇಳಿ ಮೇಡಂ. ಇದ್ರೆ ಇದೆ ಅನ್ನಿ. ಅವಳು ರೋಲರ್ ಹತ್ತಿರ ಬರೋದು ಬೇಡ. ಅವಳಿಗೆ ಯೋಚನೆ ಮಾಡ್ತಾ ನಿಂತ್ಕೊಳ್ಳೋ ಅಭ್ಯಾಸ ಇದೆ. ಇಲ್ಲಿ ಯೋಚನೆ ಮಾಡಿದ್ರೆ ಕೈ ಹೋಗುತ್ತೆ.”

ದಾರಿ ಮೇಡಂಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಗೋಡೆಗೆ ಒರಗಿ ನಿಂತಳು. ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಕೇಳಿದರೆ ಮೊದಲ ಹೆಸರು ತನ್ನದೇ ಬರುತ್ತಿತ್ತು.

ನಿರ್ದೇಶಕರ ಕೋಣೆಗೆ ಹೋದಾಗ ಮಧ್ಯಾಹ್ನ ಹನ್ನೆರಡು. ಹೇಳಿ ಕಳಿಸುವ ಮೊದಲೇ ಒಳಗೆ ಕರೆದರು. ಲಾಂಡ್ರಿಯಿಂದ ಫೋನು ಬಂದಿತ್ತು ಎಂದು ಅವರ ಮುಖವೇ ಹೇಳುತ್ತಿತ್ತು. ಮೇಜಿನ ಮೇಲೆ ಹಳದಿಗಟ್ಟಿದ ಒಂದು ಫೈಲು.

“ಪಟ್ಟಿಗೆ ನಾನು ಸಹಿ ಮಾಡಲ್ಲ ಸಾರ್. ಅಲ್ಲಿ ಪಾಠ ಇಲ್ಲ. ಮಕ್ಕಳು ಸುಟ್ಟುಕೊಳ್ತಿದ್ದಾರೆ,” ಎಂದಳು.

“ಕೂತ್ಕೊಳ್ಳಿ ಮೊದಲು. ನೀರು ಕುಡೀರಿ.” ಅವರೇ ಲೋಟ ಮುಂದೆ ಸರಿಸಿದರು. “ನಿಮ್ಮ ಹೆಸರನ್ನ ಪ್ರಶಸ್ತಿಗೆ ಕಳಿಸೋಣ ಅಂತಿದ್ದೆ. ಅದಕ್ಕೆ ಹಳೇ ದಾಖಲೆ ಬೇಕು ಅಂದ್ರು. ತರಿಸ್ದೆ. ನೀವು ಕಾಲೇಜಿಗೆ ಸೇರಿದಾಗಿನ ಅರ್ಜಿ ಇದು. ನಿಮ್ಮ ತಾಯಿ ಏನು ಕೆಲಸ ಮಾಡ್ತಿದ್ರು?”

“ಲಾಂಡ್ರಿಲಿ. ನಿಮಗೇ ಗೊತ್ತಲ್ಲ ಸಾರ್.”

“ನನಗೆ ಗೊತ್ತು. ಅರ್ಜಿಗೆ ಗೊತ್ತಿಲ್ಲ.” ಫೈಲು ತಿರುಗಿಸಿ ಅವಳ ಮುಂದಿಟ್ಟರು. ಮಾಸಿದ ಶಾಯಿಯಲ್ಲಿ ಯಾರದೋ ಕೈಬರಹ. ತಾಯಿ: ಹೊಲಿಗೆ. ಪಕ್ಕದಲ್ಲಿ ಆಗಿನ ಹೆಡ್ಮಾಸ್ತರ ಸಹಿ.

ಅವಳು ಎರಡು ಸಲ ಓದಿದಳು. ಅಮ್ಮ ಬದುಕಿನಲ್ಲಿ ಒಂದು ಗುಂಡಿ ಹೊಲಿದದ್ದನ್ನೂ ಅವಳು ಕಂಡಿರಲಿಲ್ಲ.

“ಕೆಳಗಿನ ಸಾಲನ್ನೂ ಓದಿ. ಸುಳ್ಳು ಮಾಹಿತಿ ಕೊಟ್ಟು ಪಡೆದ ಸೀಟು ಯಾವಾಗ ಬೇಕಾದ್ರೂ ರದ್ದು. ಸೀಟು ಇಲ್ಲದ ಮೇಲೆ ಡಿಗ್ರಿ ಇಲ್ಲ. ಡಿಗ್ರಿ ಇಲ್ಲದ ಮೇಲೆ...” ಕೈಯಿಂದ ಅವಳು ಕೂತ ಕುರ್ಚಿಯನ್ನು ತೋರಿಸಿದರು. “ಹಳೇ ಫೈಲು ಯಾರೂ ತೆಗೆದು ನೋಡೋದಿಲ್ಲ ಬಿಡಿ. ಆದ್ರೂ ಹುಷಾರಾಗಿರೋದು ಒಳ್ಳೇದು. ನಾಳೆ ಅಮ್ಮನನ್ನ ಕರ್ಕೊಂಡು ಬನ್ನಿ. ಹೊಲಿಗೆ ಮಾಡ್ತಿದ್ದೆ, ಲಾಂಡ್ರಿಗೆ ಆಮೇಲೆ ಸೇರ್ಕೊಂಡೆ ಅಂತ ಒಂದು ಹೇಳಿಕೆ ಕೊಡ್ಲಿ. ತಾಯಿ ಮಾತನ್ನ ಯಾರು ಅನುಮಾನ ಪಡ್ತಾರೆ? ಅದು ಫೈಲಿಗೆ ಹೋಗುತ್ತೆ. ನಿಮ್ಮ ಸಹಿ ಪಟ್ಟಿಗೆ ಹೋಗುತ್ತೆ. ಎರಡೂ ಒಟ್ಟಿಗೆ ಮುಗಿದುಹೋಗ್ಲಿ.”

ಅಷ್ಟು ಹೇಳುವಾಗ ಒಮ್ಮೆಯೂ ದನಿ ಏರಲಿಲ್ಲ. ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಅವಳ ಹೆಗಲ ಹತ್ತಿರ ಕೈ ತಂದು, ಮುಟ್ಟದೆ, ಹಿಂದಕ್ಕೆ ತೆಗೆದುಕೊಂಡರು.

ಸಂಜೆ ಮನೆಗೆ ಹೋದಾಗ ಅಮ್ಮ ಕಿಟಕಿಯ ಹತ್ತಿರ ಕೂತಿದ್ದಳು. ಕೆಲಸ ಬಿಟ್ಟು ಆರು ವರ್ಷವಾಗಿದ್ದರೂ ಪಾಳಿಯ ಸೈರನ್ನು ಕೂಗಿದರೆ ಅವಳ ಕಾಲು ಈಗಲೂ ಚಪ್ಪಲಿ ಹುಡುಕುತ್ತಿತ್ತು.

“ಅಮ್ಮ, ನನ್ನ ಅರ್ಜಿಲಿ ಹೊಲಿಗೆ ಅಂತ ಯಾಕೆ ಬರೆಸಿದೆ?”

ಅಮ್ಮ ಕಿಟಕಿಯಿಂದ ಮುಖ ತಿರುಗಿಸಿದಳು.

“ಈಗ ಸಿಕ್ತಾ ಅದು? ಬರೆಸದೆ ಏನು ಮಾಡ್ಲಿ? ನಿನ್ನ ಹಿಂದಿನ ವರ್ಷ ನಮ್ಮ ಸಾಲಿನ ಮೂರು ಮಕ್ಕಳು ಅರ್ಜಿ ಹಾಕಿದ್ರು. ಲಾಂಡ್ರಿ ಅಂತ ಬರೆದ್ರು. ಸೀಟು ಮುಗಿದೋಯ್ತು ಅಂದ್ರು ಮೂವರಿಗೂ. ಮೂವರೂ ತೊಟ್ಟಿಗೆ ಬಂದ್ರು, ನನ್ನ ಪಕ್ಕದಲ್ಲೇ ನಿಂತ್ರು. ನಾನೇನು ಕುರುಡಿನಾ? ಬೀದಿ ಕೊನೇಲಿ ಟೈಲರ್ ಇದ್ನಲ್ಲ ಕುಂಟ, ಅವನ ಹತ್ತಿರ ಅಳತೆ ಟೇಪು ಇಸ್ಕೊಂಡೆ. ಕತ್ತಿಗೆ ಹಾಕ್ಕೊಂಡೆ. ಕೈ ಎರಡೂ ಚೀಲದ ಹಿಂದೆ ಇಟ್ಕೊಂಡು ಹೆಡ್ಮಾಸ್ತರ ಮುಂದೆ ನಿಂತೆ. ಏನಮ್ಮಾ ಕೆಲಸ ಅಂದ್ರು. ಹೊಲಿಗೆ ಸ್ವಾಮಿ ಅಂದೆ. ಟೇಪು ನೋಡಿದ್ರು, ಬರ್ಕೊಂಡ್ರು.”

ಮಗಳಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಎರಡನ್ನೂ ತಡೆದುಕೊಂಡಳು.

“ನಂಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ತಲೆ ಎತ್ತಿ ನಡೀತಿದ್ಯಾ? ಸೀಟು ಕದ್ದು ತಂದಿದ್ದು ಅಂತ ದಿನಾ ನೆನಪಾಗ್ತಿತ್ತು.” ಅಮ್ಮನ ದನಿ ಮೆಲ್ಲಗೆ ಗಟ್ಟಿಯಾಯಿತು. “ಈಗ ಟೇಪು ಹಾಕ್ಕೊಂಡು ಹೋದ್ರೂ ನಡೆಯಲ್ವಂತೆ. ಲಾಂಡ್ರಿ ಸೀಲು ಇರೋ ಕಾಗದ ತರ್ಬೇಕಂತೆ. ಯಾರು ಈ ನಿಯಮ ತಂದಿದ್ದು ಅಂತ ನಲ್ಲಿ ಹತ್ತಿರ ಕೇಳ್ತಾರೆ. ನಾನು ಬಾಯಿ ಮುಚ್ಕೊಂಡು ಬಿಂದಿಗೆ ತುಂಬಿಸ್ಕೊಂಡು ಬರ್ತೀನಿ. ನನ್ನ ಮಗಳು ಅಂತ ಹೇಳ್ಲಾ?”

ಅದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ವಾಸಿ ಇತ್ತು. ತಾಯಿ ಸುಳ್ಳು ಹೇಳಿ ಒಂದು ಮಗುವನ್ನು ದಾಟಿಸಿದ್ದಳು. ಮಗಳು ನಿಜ ಬರೆಸಿ ಮೂವತ್ತೆಂಟು ಮಕ್ಕಳನ್ನು ಹಿಡಿದುಕೊಟ್ಟಿದ್ದಳು.

ಅವಳು ನಿರ್ದೇಶಕರ ಮಾತನ್ನು ಪೂರ್ತಿ ಹೇಳಿದಳು. ಹೇಳಿಕೆ, ಪಟ್ಟಿ, ಐದು ಗಂಟೆ. ಹೇಳುತ್ತಾ ಹೇಳುತ್ತಾ ತನ್ನ ಮಾತು ಬೇರೆ ಕಡೆ ಜಾರುತ್ತಿರುವುದು ಅವಳಿಗೇ ಕೇಳಿಸಿತು. “ಈ ವರ್ಷ ಸಹಿ ಮಾಡಿಬಿಟ್ರೆ ಕುರ್ಚಿ ಉಳಿಯುತ್ತೆ. ಮುಂದಿನ ವರ್ಷ ಆ ಕಾಲಂ ತೆಗೆಸ್ತೀನಿ. ಒಳಗೆ ಇದ್ರೆ ತಾನೇ ಏನಾದ್ರೂ ಮಾಡೋಕಾಗೋದು.”



“ನಾಳೆ ಎಷ್ಟೊತ್ತಿಗೆ ಬರ್ಬೇಕಂತೆ?” ಎಂದಷ್ಟೇ ಕೇಳಿದಳು ಅಮ್ಮ.

ಶುಕ್ರವಾರ ನಾಲ್ಕು ಗಂಟೆಗೆ ನಿರ್ದೇಶಕರ ಕೋಣೆಯಲ್ಲಿ ನಾಲ್ಕು ಜನ. ನಿರ್ದೇಶಕರು, ಗುಮಾಸ್ತ, ತಾಯಿ, ಮಗಳು. ಅಮ್ಮನಿಗೆ ಮೆತ್ತನೆಯ ಕುರ್ಚಿ ಕೊಟ್ಟರು. ಅವಳು ಅದರ ತುದಿಯಲ್ಲಿ ಕೂತಳು. ಈ ಕಟ್ಟಡದ ಮೆಟ್ಟಿಲನ್ನು ಅವಳು ಹತ್ತಿದ್ದು ಅದೇ ಮೊದಲು. ಗೋಡೆಯ ಮೇಲೆ ಗಡಿಯಾರ, ಅದರ ಕೆಳಗೆ ಮಕ್ಕಳು ಪುಸ್ತಕ ಹಿಡಿದು ನಗುವ ದೊಡ್ಡ ಚಿತ್ರ.

“ಮಗಳನ್ನ ಎಂಥಾ ಎತ್ತರಕ್ಕೆ ತಂದಿದ್ದೀರಿ ತಾಯಿ,” ಎಂದರು ನಿರ್ದೇಶಕರು. “ಅದನ್ನ ಉಳಿಸ್ಕೊಳ್ಳೋದೂ ನಿಮ್ಮ ಕೈಲೇ ಇದೆ. ಸಣ್ಣ ಕೆಲಸ. ಇವನು ಬರೆದಿದ್ದನ್ನ ಓದ್ತಾನೆ, ಹೆಬ್ಬೆಟ್ಟು ಒತ್ತಿ, ಅಷ್ಟೇ.”

ಗುಮಾಸ್ತ ಓದಿದ. ನಾನು ಆ ವರ್ಷಗಳಲ್ಲಿ ಹೊಲಿಗೆ ಕೆಲಸ ಮಾಡಿ ಜೀವನ ಸಾಗಿಸುತ್ತಿದ್ದೆ ಎಂದು ಈ ಮೂಲಕ, ಇತ್ಯಾದಿ. ಮಗಳ ಮುಂದೆ ಪಟ್ಟಿ ಇತ್ತು, ಪೆನ್ನು ಕೈಯಲ್ಲಿತ್ತು. ಮುಚ್ಚಳ ತೆಗೆದಿದ್ದಳು. ಹೌದು, ತೆಗೆದಿದ್ದಳು. ಮುಂದಿನ ವರ್ಷ, ಮುಂದಿನ ವರ್ಷ ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದಳು. ಕಣ್ಣು ಅವಳಿಗೆ ಬೇಡದಿದ್ದರೂ ಆ ತೊಂಬತ್ತಾರರ ಮೇಲೇ ಹೋಗಿ ಕೂರುತ್ತಿತ್ತು.

“ಹೆಬ್ಬೆಟ್ಟು ಕೊಡಿ ಅಮ್ಮಾ,” ಎಂದ ಗುಮಾಸ್ತ.

ಅಮ್ಮ ಕೈ ಚಾಚಿದಳು. ಅವನು ಶಾಯಿ ಹಚ್ಚಿ ಒತ್ತಿದ. ಕಾಗದದ ಮೇಲೆ ಒಂದು ನೀಲಿ ಗುಂಡು ಮಚ್ಚೆ ಬಿತ್ತು. ಅವನು ಬಗ್ಗಿ ನೋಡಿದ. ಒರೆಸಿ ಮತ್ತೆ ಹಚ್ಚಿದ, ಮೆಲ್ಲಗೆ ಒತ್ತಿದ. ಮತ್ತೆ ಬರೀ ಮಚ್ಚೆ.

“ಗೆರೆ ಬರ್ತಿಲ್ಲ ಸಾರ್.”

“ಶಾಯಿ ಜಾಸ್ತಿ ಹಾಕಿದ್ದೀಯ. ಇನ್ನೊಂದು ಕೈ ತಗೋ.”

ಇನ್ನೊಂದು ಕೈಯಲ್ಲೂ ಬರಲಿಲ್ಲ. ತೋರುಬೆರಳು ಒತ್ತಿಸಿದ. ನಡುಬೆರಳು ಒತ್ತಿಸಿದ. ಕಾಗದದ ತುಂಬ ನುಣ್ಣಗಿನ ನೀಲಿ ಮಚ್ಚೆಗಳು, ಒಂದರಲ್ಲೂ ಒಂದು ಗೆರೆ ಇಲ್ಲ. ಮುದ್ರೆ ಒತ್ತುತ್ತಲೇ ಕೂದಲು ನೆರೆತವನು ಅವನು. ಇಂಥದ್ದನ್ನು ಕಂಡಿರಲಿಲ್ಲ. ಅವಳ ಕೈಯನ್ನು ತಿರುಗಿಸಿ ನೋಡಿದ, ನೋಡಿ ಬಿಟ್ಟುಬಿಟ್ಟ.

“ಬರಲ್ಲಪ್ಪ,” ಎಂದಳು ಅಮ್ಮ. “ಬಟ್ಟೆ ಜೊತೆ ತೊಳೆದೋಯ್ತು. ಬ್ಲೀಚಿಂಗ್ ನೀರು ಅರ್ಧ ತಿಂತು, ರೋಲರು ಅರ್ಧ ತಿಂತು. ಇಪ್ಪತ್ತಾರು ವರ್ಷ ಅಂದ್ರೆ ಸುಮ್ನೆ ಅಲ್ಲ.” ಎರಡೂ ಅಂಗೈಗಳನ್ನು ಮೇಜಿನ ಮೇಲೆ, ಹೇಳಿಕೆಯ ಮೇಲೆಯೇ, ಹರಡಿ ಇಟ್ಟಳು. ಉಗುರುಗಳು ಬುಡದವರೆಗೆ ಬಿಳಿಚಿದ್ದವು. “ಹೊಲಿಗೆಯವಳ ಬೆರಳಲ್ಲಿ ಸೂಜಿ ಚುಚ್ಚಿದ ಗುರುತು ಇರುತ್ತೆ ಸಾಹೇಬ್ರೆ. ಹೀಗಿರಲ್ಲ. ಅದನ್ನ ಹರಿದು ಹಾಕಿ. ಲಾಂಡ್ರಿ ಅಂತ ಬರೀರಿ. ಸುಳ್ಳು ಹೇಳಿದ್ದು ನಾನು, ಸೀಟು ಕದ್ದಿದ್ದು ನಾನು ಅಂತ ಅದನ್ನೂ ಬರೀರಿ. ಒತ್ತಿಸಿ ಎಷ್ಟು ಸಲ ಬೇಕಾದ್ರೂ.”

“ನಿಮ್ಮ ಮಗಳ ಕೆಲಸ ಹೋಗುತ್ತೆ ತಾಯಿ.”

“ಕೆಲಸ ಮಾಡೋದು ನಮಗೆ ಹೊಸದಲ್ಲ.”

ನಿರ್ದೇಶಕರು ಮಗಳ ಕಡೆ ತಿರುಗಿದರು. ಈಗ ಮುಖದಲ್ಲಿ ನಯ ಇರಲಿಲ್ಲ. “ನೀವು ಓದಿದವರು. ನೀವು ಹೇಳಿ. ಸಹಿ ಮಾಡ್ತೀರೋ ಇಲ್ವೋ?”

ಅವಳು ಅಮ್ಮನ ಕೈ ನೋಡುತ್ತಿದ್ದಳು. ಈ ಕೈ ಹಿಡಿದೇ ಶಾಲೆಗೆ ಹೋಗಿದ್ದಳು. ಇದು ಇಷ್ಟು ನುಣುಪು ಯಾಕೆ ಎಂದು ಒಮ್ಮೆಯಾದರೂ ಕೇಳಿದ್ದಳಾ? ಅಮ್ಮನ ಕೈ ಮೆತ್ತಗೆ ಎಂದು ಗೆಳತಿಯರ ಮುಂದೆ ಕೊಚ್ಚಿಕೊಂಡಿದ್ದಳು. ಎಷ್ಟು ದಡ್ಡಿ.

“ಮಾಡಲ್ಲ,” ಎಂದಳು.

“ಗಡಿಯಾರ ನೋಡಿ. ಇನ್ನೂ ನಲವತ್ತು ನಿಮಿಷ ಇದೆ. ಯೋಚನೆ ಮಾಡಿ.”

“ನಲವತ್ತೊಂದು ಮಕ್ಕಳೂ ಪಾಸಾಗಿದ್ದಾರೆ. ಅವರ ಅಪ್ಪ ಅಮ್ಮ ಏನು ಒಗೀತಾರೆ ಅನ್ನೋದು ಅವರ ಅಂಕ ಅಲ್ಲ. ನಾನು ಮಾಡಲ್ಲ. ಇದಕ್ಕೆ ನನ್ನ ಸಹಿನೇ ಬೇಕು, ಬೇರೆಯವರ ಸಹಿ ನಡೆಯಲ್ಲ, ಆ ನಿಯಮ ಬರೆದಿದ್ದೂ ನಾನೇ.”

ನಲವತ್ತು ನಿಮಿಷ ಯಾರೂ ಎದ್ದು ಹೋಗಲಿಲ್ಲ. ನಿರ್ದೇಶಕರು ಎರಡು ಫೋನು ಮಾಡಿದರು. ಮೂರನೆಯದಕ್ಕೆ ಆ ಕಡೆಯವರು ಎತ್ತಲಿಲ್ಲ. ಒಮ್ಮೆ ಬಾಗಿಲ ಚಿಲಕ ಹಾಕಿಸಿದರು, ಏನು ತೋಚಿತೋ, ಮತ್ತೆ ತೆಗೆಸಿದರು. ಅಮ್ಮ ಬೆರಳಿನ ಶಾಯಿಯನ್ನು ಒರೆಸಿಕೊಳ್ಳಲೂ ಹೋಗಲಿಲ್ಲ. ಒಳ್ಳೆಯದನ್ನು ಮಾಡುತ್ತಿದ್ದೇನೆ ಎಂಬ ಸಮಾಧಾನ ಬರುತ್ತದೆ ಎಂದುಕೊಂಡಿದ್ದಳು ಮಗಳು. ಬರಲಿಲ್ಲ. ಭಯವಷ್ಟೇ ಇತ್ತು.

“ಐದಾಯ್ತು ಸಾರ್,” ಎಂದ ಗುಮಾಸ್ತ. ಹೇಳಿ ನಾಲಿಗೆ ಕಚ್ಚಿಕೊಂಡ.

ನಿರ್ದೇಶಕರು ಪಟ್ಟಿಯನ್ನು ಮಡಿಸಿದರು. “ಕೋಣೆ ಕೀಲಿ ಕೊಟ್ಟು ಹೋಗಿ. ಸೋಮವಾರ ವಿಚಾರಣೆಯ ಪತ್ರ ಮನೆಗೆ ಬರುತ್ತೆ. ಡಿಗ್ರಿ, ಹುದ್ದೆ, ಎಲ್ಲದರದ್ದೂ. ನಿಮ್ಮಿಬ್ಬರ ಮೇಲೂ. ಇನ್ನು ಇಲ್ಲಿಗೆ ಬರೋ ಅಗತ್ಯ ಇಲ್ಲ.”

ಅವಳು ಕೀಲಿ ಇಟ್ಟಳು. ಹೊರಗೆ ಬಂದರು. ಮೆಟ್ಟಿಲಿಳಿಯುವಾಗ ಅಮ್ಮ ಗೋಡೆ ಹಿಡಿದುಕೊಂಡಳು, ಬಿಳಿ ಗೋಡೆಯ ಮೇಲೆ ಕೆಳಗಿನವರೆಗೆ ನೀಲಿ ಮಚ್ಚೆ.

ಕೆಳಗೆ ರಸ್ತೆಯ ಬದಿಯಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಲೆಕ್ಕದವಳ ತಾಯಿ. ಹಗಲಿನ ಪಾಳಿ ಮುಗಿಸಿ ನೇರ ಬಂದಿದ್ದಳು, ಬಟ್ಟೆ ಇನ್ನೂ ಒದ್ದೆ.

“ಆಯ್ತಾ ಮೇಡಂ?”

“ಆಯ್ತಕ್ಕ. ಸಹಿ ಮಾಡ್ಲಿಲ್ಲ. ಸೋಮವಾರ ನಿನ್ನ ಮಗಳು ಕಾಲೇಜು ತರಗತಿಗೆ ಹೋಗ್ತಾಳೆ. ನಲವತ್ತೊಂದು ಮಕ್ಕಳೂ ಹೋಗ್ತಾರೆ.”

ಹೆಂಗಸು ಅಳುತ್ತಾಳೆ, ಕೈ ಮುಗಿಯುತ್ತಾಳೆ ಎಂದು ಅವಳು ಕಾದಳು. ನಾಚಿಕೆಯ ಮಾತು, ಆದರೂ ನಿಜ. ಒಂದು ಒಳ್ಳೆಯ ಮಾತು ಬೇಕಿತ್ತು ಅವಳಿಗೆ ಆ ಹೊತ್ತಿನಲ್ಲಿ.

ಹೆಂಗಸು ಅಳಲಿಲ್ಲ. “ಚಿಕ್ಕವಳ ವಿಷಯ ಸರಿ,” ಎಂದಳು. “ದೊಡ್ಡವಳನ್ನ ಹೋದ ವರ್ಷ ನೀವೇ ಕಳಿಸಿದ್ದು. ಅವಳು ಯಾವಾಗ ಹೊರಗೆ ಬರ್ತಾಳೆ?”

 ದಾರಿ ಮೇಡಂಗೆ ಈಗ ಕುರ್ಚಿ ಇಲ್ಲ, ಕೋಣೆ ಇಲ್ಲ, ಹಾಕಿದ ಸಹಿಯನ್ನು ಹಿಂದಕ್ಕೆ ತೆಗೆದುಕೊಳ್ಳುವ ನಿಯಮವನ್ನು ಅವಳು ಬರೆದೇ ಇರಲಿಲ್ಲ. ಮೂವತ್ತೆಂಟು ಮಕ್ಕಳು. ಆ ಸಹಿಗೆ ಎಷ್ಟು ಹೊತ್ತು ಹಿಡಿದಿತ್ತು? ಊಟಕ್ಕೆ ಹೊರಡುವ ಮುಂಚಿನ ಅರ್ಧ ನಿಮಿಷ.

“ಈಗ ಅವಳು ಎಲ್ಲಿದ್ದಾಳೆ?” ಎಂದು ಕೇಳಿದಳು.

“ಎರಡನೇ ಪಾಳಿಗೂ ನಿಲ್ಲಿಸ್ಕೊಂಡಿದ್ದಾರೆ. ರೋಲರ್ ಹತ್ತಿರ.”

“ನಡೀರಿ,” ಎಂದಳು.

ಯಾವ ಅಧಿಕಾರದಲ್ಲಿ ಎಂದು ಯಾರೂ ಕೇಳಲಿಲ್ಲ. ಮೂವರೂ ಲಾಂಡ್ರಿಯ ದಾರಿ ಹಿಡಿದರು. ಅಮ್ಮ ಮುಂದೆ, ಆ ರಸ್ತೆ ಅವಳ ಕಾಲಿಗೆ ಕಣ್ಣಿಗಿಂತ ಚೆನ್ನಾಗಿ ಗೊತ್ತಿತ್ತು. ತಿರುವಿನಲ್ಲಿ ಬ್ಲೀಚಿಂಗ್ ಪುಡಿಯ ವಾಸನೆ ಬಂತು. ಎದುರಿಗೆ ಕಬ್ಬಿಣದ ಗೇಟು, ಅದರ ಒಳಗೆ ಮೇಲ್ವಿಚಾರಕ, ಅವನ ಹಿಂದೆ ಇನ್ನೂ ನಾಲ್ಕು ಗಂಡಸರು. ಯಾರೋ ಆಗಲೇ ಫೋನು ಮಾಡಿದ್ದರು.

ಕಾವಲಿನವನು ಮೂವರು ಹೆಂಗಸರನ್ನೂ ದೂರದಿಂದಲೇ ನೋಡಿ ಗೇಟು ಎಳೆಯತೊಡಗಿದ. ದಾರಿ ಮೇಡಂ ಓಡಿ ಹೋಗಿ ಮುಚ್ಚುತ್ತಿದ್ದ ಗೇಟಿನ ಸಂದಿಯಲ್ಲಿ ಕೈಯಿಟ್ಟಳು.

“ಕೈ ತೆಗೀರಿ ಮೇಡಂ, ಸಿಕ್ಕಿಹಾಕೊಳ್ಳುತ್ತೆ,” ಎಂದ ಮೇಲ್ವಿಚಾರಕ.

ಅವಳು ತೆಗೆಯಲಿಲ್ಲ. ಒಳಗೆ ರೋಲರು ತಿರುಗುತ್ತಲೇ ಇತ್ತು. ಗಂಟಲು ಹರಿಯುವ ಹಾಗೆ, ಹೋದ ವರ್ಷ ತಾನು ಕಳಿಸಿದ ಮೂವತ್ತೆಂಟರಲ್ಲಿ ಮೊದಲನೆಯ ಹೆಸರನ್ನು ಕೂಗಿದಳು.